ಬೀಗರು ಆಡಾದ ರವಿವಾರ

ಪೈಲವಾನನನ್ನೂ ಮಂತ್ರವಾದಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ಸರಿಸಮ ತೂಗಬಲ್ಲ ಗಂಡಸು ಈ ಭೂಮಂಡಲದಲ್ಲಿ ಇದ್ದರೆ ಅದು ನಾನೊಬ್ಬನೇ! ಹೀಗೆಂದು ೨೦೧೩ರ ನವೆಂಬರಿನ ಒಂದು ರವಿವಾರ ಬೆಳಿಗ್ಗೆ, ಹಲ್ಲುಜ್ಜುತ್ತ, ಬಾಯಿ ತುಂಬ ನೊರೆ ಇಟ್ಟುಕೊಂಡು, ಹೆಂಡತಿಯ ಮುಂದೆ ಸಾರಿದೆ.

"ಮೊದಲ ಬಾಯಿ ತೊಳಕೋರಿ," ಎಂದಳು ಕುಸುಮ. "ಗ್ವಾಡಿಗೆಲ್ಲಾ ಸಿಡಿಯಾಕತ್ತೈತಿ."

ನನ್ನ ಸೊಕ್ಕಿಗೆ ಆಧಾರ ಇತ್ತು. ಚಿಕ್ಕೋಡಿಯ ಒಂದು ಸರಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನೌಕರರ ಜ್ಯೇಷ್ಠತಾ ಪಟ್ಟಿ ತಯಾರಿಸುವವನು ನಾನು. ಡಿಗ್ರಿ ಇದ್ದವನಿಗೆ ಸರ್ವಿಸ್ ಇರುವುದಿಲ್ಲ, ಸರ್ವಿಸ್ ಇದ್ದವನಿಗೆ ಡಿಗ್ರಿ ಇರುವುದಿಲ್ಲ, ಬಡ್ತಿ ಮಾತ್ರ ಇಬ್ಬರಿಗೂ ನಾಳೆಯೇ ಬೇಕು! ಇವರಿಬ್ಬರ ನಡುವೆ ತಿದ್ದುಪಡಿ, ಉಪತಿದ್ದುಪಡಿ, ತಿದ್ದುಪಡಿಗೊಂದು ತಿದ್ದುಪಡಿ ಎಂದು ಬರೆದು ಬರೆದು, ಯಾರಿಗೂ ಬಡ್ತಿ ಸಿಗದ ಹಾಗೆ ಶಾಂತಿ ಕಾಪಾಡಿದ ಖ್ಯಾತಿ ನನ್ನದು.

ಅಂಥ ನನ್ನ ಕೈಗೆ ಮಗಳು ರೂಪಾಲಿ ಒಂದು ಆಟ ತಂದುಕೊಟ್ಟಳು. ಕೊಲ್ಹಾಪುರದ ಕಾಲೇಜಿನಲ್ಲಿ ಕಲಿತು ಬಂದಿದ್ದಳು. ದಪ್ಪನೆಯ ಇಂಗ್ಲಿಷ್ ನಿಯಮಪುಸ್ತಕ, ಜೊತೆಗೆ ಇಪ್ಪತ್ತು ಮುಖದ ಒಂದು ದಾಳ. ಒಬ್ಬರು ಕಥೆ ಹೇಳಬೇಕು, ಕಥೆಯೊಳಗಿನ ರಾಕ್ಷಸನ ಪಾತ್ರವೂ ಅವರದೇ. ಉಳಿದವರು ಒಬ್ಬ ಯೋಧ, ಒಬ್ಬ ಮಂತ್ರವಾದಿ ಎಂದು ವೇಷ ಹಂಚಿಕೊಂಡು, 'ನಾ ಬಾಗಿಲ ಒಡೀತೀನಿ', 'ನಾ ಮಂತ್ರ ಹಾಕ್ತೀನಿ' ಎಂದು ಬಾಯಲ್ಲೇ ಪರಾಕ್ರಮ ತೋರಿಸಬೇಕು. ದಾಳದಲ್ಲಿ ದೊಡ್ಡ ಅಂಕಿ ಬಿದ್ದರೆ ಕೆಲಸ ಆಯಿತು, ಸಣ್ಣದು ಬಿದ್ದರೆ ಕೆಟ್ಟಿತು. ಯೋಧ ಎನ್ನುವ ಶಬ್ದ ನಮ್ಮ ನಿಪ್ಪಾಣಿ ಮನೆಯಲ್ಲಿ ಅರ್ಧ ತಾಸೂ ಬಾಳಲಿಲ್ಲ, ಪೈಲವಾನ ಎಂದಾಯಿತು.

ಆದರೆ ಪುಸ್ತಕದಲ್ಲಿ ಘೋರ ಅನ್ಯಾಯ! ಮೊದಮೊದಲು ಪೈಲವಾನನೇ ಮೇಲು. ಮಂತ್ರವಾದಿ ಬೆಕ್ಕು ಪರಚಿದರೂ ಸಾಯುವಂಥ ಬಡಪಾಯಿ. ಆಟ ಮುಂದುವರಿದು ಇಬ್ಬರೂ ಹತ್ತು ಮೆಟ್ಟಿಲು ಏರಿದರೋ, ಮಂತ್ರವಾದಿ ಹಾರುತ್ತಾನೆ, ಮಾಯವಾಗುತ್ತಾನೆ, ಬೆಂಕಿ ಸುರಿಸುತ್ತಾನೆ. ಪೈಲವಾನ? ಮೊದಲು ಒಂದು ಏಟು ಹೊಡೆಯುತ್ತಿದ್ದವನು ಈಗ ಎರಡು ಹೊಡೆಯುತ್ತಾನೆ, ಅಷ್ಟೇ.

"ಪಪ್ಪಾ, ಇದರ ಸಲುವಾಗಿ ಅಮೆರಿಕಾದಾಗ ಮೂವತ್ತ ವರ್ಷದಿಂದ ಜಗಳ ನಡದೈತಿ," ಎಂದಳು ರೂಪಾಲಿ.

"ಅವರ ಕಡೆ ನನ್ನಂಥಾ ಗುಮಾಸ್ತ ಇಲ್ಲವ್ವಾ!" ಎಂದೆ. ಹದಿನೈದು ದಿನದಲ್ಲಿ ನೂರು ಹಾಳೆಯ ನೋಟಬುಕ್ಕಿನಲ್ಲಿ ಹದಿನೇಳು ತಿದ್ದುಪಡಿ ಬರೆದಿಟ್ಟೆ.

ಆ ರವಿವಾರ ಅಥಣಿ ತಾಲೂಕಿನ ಐಗಳಿಯಿಂದ ಬಾಹುಬಲಿ ಅವರು ನಮ್ಮ ಮನೆಗೆ ಬರುವವರಿದ್ದರು. ಅವರ ಮಗ ಕುಣಾಲ ಮತ್ತು ನಮ್ಮ ರೂಪಾಲಿಗೆ ಒಂದೇ ಕಾಲೇಜು, ಒಂದೇ ಆಟ, ಈಗ ಒಂದೇ ಮನಸ್ಸು. ಹುಡುಗನ ತಾಯಿ ದಸರೆಗೇ ಬಂದು ಒಪ್ಪಿ, ಉಂಡು ಹೋಗಿದ್ದರು. ತಂದೆಯ ಊಟವೊಂದು ಬಾಕಿ. ನಮ್ಮ ಮಂದಿಯಲ್ಲಿ ಗಂಡಿನ ತಂದೆ ಹೆಣ್ಣಿನ ಮನೆಯಲ್ಲಿ ಚಹಾ ಕುಡಿದರೆ ಏನೂ ಅರ್ಥವಿಲ್ಲ. ತಾಟಿನ ಮುಂದೆ ಕೂತು ಹೋಳಿಗೆ ಉಂಡರೆ ಸೋಯರಿಕೆ, ಅಂದರೆ ಮದುವೆಯ ಸಂಬಂಧ, ಪಕ್ಕಾ. ಉಣ್ಣದೆ ಎದ್ದು ಹೋದರೆ ಅಲ್ಲಿಗೆ ಮುಗಿಯಿತು.

ಇದರ ಮೇಲೆ ಇನ್ನೊಂದು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗಿಲ್ಲ. ಆ ದಿನ ಹೊತ್ತು ಮುಳುಗುವುದು ಐದು ಐವತ್ತೆಂಟಕ್ಕೆ ಎಂದು ಕುಸುಮ ಕ್ಯಾಲೆಂಡರ್ ನೋಡಿ ಮೂರು ಸಲ ಹೇಳಿದ್ದಳು.

ಮಧ್ಯಾಹ್ನದ ಊಟಕ್ಕೆಂದು ಹೊರಟ ಅಪ್ಪ-ಮಗ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕು, ನಮ್ಮ ಮನೆ ಮುಟ್ಟಿದಾಗ ನಾಲ್ಕು ಗಂಟೆ ಹತ್ತು ನಿಮಿಷ. "ಅರ್ಧಾ ತಾಸಿನಾಗ ಬಿಸಿ ಹೋಳಗಿ ಮಾಡ್ತೀನ್ರಿ," ಎಂದು ಕುಸುಮ ಒಳಗೆ ಓಡಿದಳು. ಬಾಹುಬಲಿ ಕೂತರು, ಕುರ್ಚಿ ಕಿರ್ರೆಂದಿತು. ಆರಡಿ ಆಳು. ಹರೆಯದಲ್ಲಿ ಕುಸ್ತಿ ಆಡಿ ಆಡಿ ಎರಡೂ ಕಿವಿ ಹಿಸುಕಿದ ಹಿಟ್ಟಿನಂತಾಗಿದ್ದವು. ಮಾತು ಬಹಳ ಕಡಿಮೆ. ಐದು ನಿಮಿಷ ಯಾರೂ ತುಟಿ ಬಿಚ್ಚಲಿಲ್ಲ. ಈ ಮೌನದಲ್ಲಿಯೇ ಸೋಯರಿಕೆ ತಣ್ಣಗಾಗಿಬಿಟ್ಟರೆ ನನ್ನ ಮಗಳ ಗತಿ ಏನು? ಬಾಯಿ ತಾನಾಗಿ ತೆರೆಯಿತು.

"ಹೋಳಗಿ ಆಗೂತನಕ ಒಂದ ಸಣ್ಣ ಆಟ ಆಡೂಣೇನ್ರಿ?"

ರೂಪಾಲಿ ಬಾಗಿಲ ಸಂದಿಯಿಂದ ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು. ಕುಣಾಲನ ಮುಖ ಬಿಳಿಚಿತು. ಅವನಿಗೆ ತನ್ನ ತಂದೆ ಗೊತ್ತು.

ನಾನು ಆಟದ ಬಗೆ ವಿವರಿಸಿದೆ. ಬಾಹುಬಲಿ ಕೇಳಿದ್ದು ಒಂದೇ ಪ್ರಶ್ನೆ. "ಅದರಾಗ ಪೈಲವಾನ ಅದಾನೇನು ಸಾಹೇಬರ?"

"ಅದಾನ್ರಿ!"

"ಹಂಗಾರ ಹೂಡ್ರಿ."

ಬಾಹುಬಲಿ ಪೈಲವಾನ, ರೂಪಾಲಿ ಮಂತ್ರವಾದಿ, ಇಬ್ಬರೂ ಒಂದೇ ಪಕ್ಷ. ಕಥೆ ಮತ್ತು ರಾಕ್ಷಸ ನನ್ನ ಪಾಲು. ಕುಣಾಲ ಗೋಡೆಗೆ ಒರಗಿ ಗಡಿಯಾರ ನೋಡುತ್ತ ಕೂತ. ಹಿರಿಯರಿಗೆ ಯಾಕೆ ತೊಂದರೆ ಎಂದು ಎಲ್ಲರ ಪರವಾಗಿ ದಾಳ ನಾನೇ ಒಗೆಯುವುದೆಂದು ತೀರ್ಮಾನಿಸಿ, ಯಾರಿಗೂ ಕಾಣದಂತೆ ಮುಂದೆ ಒಂದು ಸ್ಟೀಲ್ ತಾಟು ಆನಿಸಿ ನಿಲ್ಲಿಸಿಕೊಂಡೆ. ಮರೆಯಲ್ಲಿ ದಾಳ ಒಗೆಯುವುದು ಕಥೆ ಹೇಳುವವನಿಗೆ ಪುಸ್ತಕವೇ ಕೊಟ್ಟ ಹಕ್ಕು.

"ರಾಕ್ಷಸನ ಕೋಟೆ! ಬಾಗಿಲದಾಗ ನಲವತ್ತ ಮಂದಿ ಕಾವಲು!" ಎಂದೆ.

ಬಾಹುಬಲಿ ಅಂಗಿಯ ತೋಳು ಮಡಚಿದರು. ಅವರು ಬಾಯಿ ತೆರೆಯುವುದರೊಳಗೆ ರೂಪಾಲಿ ಆಟದ ಹುರುಪಿನಲ್ಲಿ "ನಿದ್ರಾಮಂತ್ರ!" ಎಂದಳು. ದಾಳ ಹದಿನೆಂಟು. ನಲವತ್ತೂ ಜನ ಗೊರಕೆ!

"ಮತ್ತ ನಾ ಏನ್ ಮಾಡ್ಲಿ?" ಎಂದರು ಬಾಹುಬಲಿ. "ಅವರಿಗೆ ಹಾಸಗಿ ಹಾಸ್ಲೇನು?"

"ಮಕ್ಕೊಂಡವರನ್ನ ಕಡದ ಹಾಕ್ರಿ," ಎಂದೆ, ಪುಸ್ತಕ ತಿರುವುತ್ತ.

"ಸಾಹೇಬರ, ಹಿಟ್ಟಿನ ಕೋಳಿ ಕಡದ್ರೂ ಪಾಪ ಅನ್ನೂ ಮಂದಿ ನಾವು. ಮನಸಿನ್ಯಾಗ ಕಡದ್ರೂ ಕಡದಂಗನ. ಅದರಾಗ ಮಕ್ಕೊಂಡವರನ್ನ ಕಡಿ ಅಂತೀರಿ?"

ತಕ್ಷಣ ತಿದ್ದುಪಡಿ ಹದಿನೆಂಟು: ಈ ಆಟದಲ್ಲಿ ಯಾರೂ ಸಾಯತಕ್ಕದ್ದಲ್ಲ; ಬೆನ್ನು ಮಣ್ಣಿಗೆ ಹತ್ತಿದವನು ಸೋತು ಆಟದಿಂದ ಹೊರಗೆ. ಬಾಹುಬಲಿ ತಲೆದೂಗಿದರು. ನಾನು ಉಸಿರು ಬಿಟ್ಟೆ, ಆದರೆ ಚಿಂತೆ ಬಿಡಲಿಲ್ಲ. ಸೊಸೆಯಾಗುವವಳು ಮೊದಲ ದಿನವೇ ಒಂದು ಮಾತಿನಲ್ಲಿ ಮಾವನನ್ನು ಮೂಲೆಗೆ ಕೂರಿಸಿದಳು ಎಂದು ಅಥಣಿ ತಾಲೂಕಿನ ತುಂಬ ಸುದ್ದಿಯಾದರೆ? ಬರೆದೆ ತಿದ್ದುಪಡಿ ಹತ್ತೊಂಬತ್ತು: ಪೈಲವಾನನ ಪ್ರತಿ ಅಂಕಿಗೂ ಹತ್ತು ಹೆಚ್ಚು! ಅದೂ ಸಾಲದೆ ಎರಡು ಬಿದ್ದಾಗ ತಾಟಿನ ಹಿಂದಿನಿಂದ "ಹದಿನಾರು!" ಎಂದು ಕೂಗಿದೆ. ಬಾಹುಬಲಿ ಬಾಗಿಲು ಒಡೆದರು, ಗೋಡೆ ಒಡೆದರು, ಯಾರ ತಂಟೆಗೂ ಹೋಗದೆ ನಿಂತಿದ್ದ ಒಂದು ಕಂಬವನ್ನೂ ಒಡೆದರು. ಮೀಸೆ ಮೇಲೆದ್ದಿತು.

ಗಂಟೆ ಐದಾಯಿತು. "ರೀ, ಊಟಕ್ಕ ಏಳ್ತೀರೇನು? ಒಂದ ತಾಟ ಬ್ಯಾರೆ ಕಡಿಮಿ ಬೀಳಾಕತ್ತೈತಿ!" ಒಳಗಿನಿಂದ ಕುಸುಮ.

"ಇನ್ನ ಹತ್ತ ನಿಮಿಷ!"

ಈಗ ರೂಪಾಲಿಯ ಮುಖ ಬಾಡಿತ್ತು. "ಪಪ್ಪಾ, ನಾ ಒಳಗ ಹೋಗಿ ಹೋಳಗಿ ಲಟ್ಟಸ್ಲೇನು? ಇಲ್ಲೆ ನನಗ ಕೆಲಸ ಇಲ್ಲ."

"ಹೌದ್ರಿ ಕಾಕಾ, ಅಕಿಗೂ ಏನರ ಕೊಡ್ರಿ," ಎಂದ ಕುಣಾಲ, ಮೆಲ್ಲಗೆ.

ಅಯ್ಯೋ! ಗಂಡಿನವರ ಮುಂದೆ ನನ್ನ ಮಗಳನ್ನು ನಾನೇ ಕೆಲಸಕ್ಕೆ ಬಾರದವಳನ್ನಾಗಿ ಮಾಡಿದೆನೆ? ಒಂದು ಕಡೆ ಏರಿಸಿದರೆ ಇನ್ನೊಂದು ಕಡೆ ಇಳಿಯುತ್ತಿತ್ತು. ತಿದ್ದುಪಡಿ ಇಪ್ಪತ್ತು: ಮಂತ್ರಗಳ ಬಲ ಇಮ್ಮಡಿ! ರೂಪಾಲಿ ಅರಳಿದಳು. "ಹಂಗಾರ ಕಾಕಾರ ಮೈಗೆ ವಜ್ರಕವಚದ ಮಂತ್ರ ಹಾಕ್ತೀನಿ." ಎಂಥ ಸೊಸೆ! ಹೆಮ್ಮೆಯಿಂದ ಜೋರಾಗಿ ಒಗೆದೆ. ದಾಳ ಗೋಡೆಗೆ ಬಡಿದು, ತಾಟಿನ ಆಚೆ ಉರುಳಿ, ಬಾಹುಬಲಿ ಅವರ ಕಾಲ ಬಳಿ ನಿಂತಿತು.

ಒಂದು.

"ಒಂದ ಬಿದ್ರ ಮಂತ್ರ ಉಲ್ಟಾ ಆಗ್ತೈತಿ," ಎಂದು ರೂಪಾಲಿ ಪುಸ್ತಕ ನೋಡಿ ಸಣ್ಣ ದನಿಯಲ್ಲಿ ಓದಿದಳು. "ಕವಚದ ಬದ್ಲಿ... ಪ್ರಾಣಿ ಆಗ್ತಾರ."

"ಯಾವ ಪ್ರಾಣಿ?" ಬಾಹುಬಲಿ ನನ್ನನ್ನೇ ನೋಡುತ್ತಿದ್ದರು.

"ಆಡು..." ಎಂದೆ, ಬಾಯಿಗೆ ಮೊದಲು ಬಂದದ್ದು. "ಚಲೋ ತಳಿ ಆಡ್ರಿ!"

ಅದೇ ಹೊತ್ತಿಗೆ ಕುಸುಮ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. "ಐದೂವರಿ ಆತು. ಬಡಸೇನಿ, ಏಳ್ರಿ."

"ಮನಶ್ಯಾ ಆದ್ಮ್ಯಾಲ ಏಳ್ತೀನಿ ಅಕ್ಕಾರ," ಎಂದರು ಬಾಹುಬಲಿ. "ಆಡಾಗಿ ನಾ ಹೆಣ್ಣಿನ ಮನ್ಯಾಗ ಊಟಕ್ಕ ಕೂಡೂದಿಲ್ಲ."

"ಆಡು? ಯಾವ ಆಡು?" ಕುಸುಮ ನನ್ನತ್ತ ತಿರುಗಿದಳು. ಮದುವೆಯಾದ ಇಪ್ಪತ್ನಾಲ್ಕು ವರ್ಷದಲ್ಲಿ ಆ ನೋಟವನ್ನು ನಾನು ಎರಡೇ ಸಲ ಕಂಡಿದ್ದೆ.

"ಅದಕ್ಕೇನಾತ್ರಿ!" ಎಂದು ತೊದಲಿದೆ. "ತಿದ್ದುಪಡಿ ಇಪ್ಪತ್ತೊಂದು! ಆಡು ಹತ್ತರ ಮ್ಯಾಲ ಒಗದ್ರ ತಿರುಗಿ ಮನಶ್ಯಾ! ಒಗದ್ನಿ ನೋಡ್ರಿ!" ದಾಳ ತಾಟಿನ ಹಿಂದೆ ಬಿತ್ತು. ಮೂರು. "ಹತ್ತೊಂಬತ್ತು!" ಎಂದು ಕೈ ಎತ್ತಿ ಕುಣಿದೆ. ಮೊಳಕೈ ತಗುಲಿ ತಾಟು ಢಣಢಣ ಎಂದು ಮಗುಚಿ ಬಿತ್ತು.

ಬಾಹುಬಲಿ ಬಗ್ಗಿ ನೋಡಿದರು. "ಮೂರು."

"ಹೌದ್ರಿ."

"ಮತ್ತ ಆ ಗ್ವಾಡಿ? ಆ ಕಂಬ?"

ನಾನು ಬಗ್ಗಿ ತಾಟು ಎತ್ತಿದೆ. ಅವರು ದಾಳವನ್ನು ಎತ್ತಿಕೊಂಡು ಅಂಗೈಯಲ್ಲಿ ಹೊರಳಿಸಿದರು. "ನೂರಾ ಕುಸ್ತಿ ಅಂತಾರ ಇದಕ್ಕ. ಯಾರ ಬೀಳೂದು ಅಂತ ಮೊದಲ ಮಾತಾಡಕೊಂಡ ಆಡೂ ಕುಸ್ತಿ. ಊರಾಗ ನಾ ಹಿರ್ಯಾ ಆದಾಗಿಂದ ಹುಡುಗೂರು ನನ್ನ ಕೈ ತಾಕಿದ ಕೂಡ್ಲೆ ತಾವ ಬೀಳ್ತಾರ. ಅವರ ಮ್ಯಾಲ ಸಿಟ್ಟ ಬಂದ ಅಖಾಡಾಕ್ಕ ಹೋಗೂದನ ಬಿಟ್ಟೀನಿ. ನಿಮ್ಮ ಮನ್ಯಾಗೂ ಅದನ?" ಎದ್ದು ನಿಂತರು. "ಕುಣಾಲ, ಚಪ್ಲಿ ಹಾಕ್ಕೋ."

ರೂಪಾಲಿಯ ಕಣ್ಣಲ್ಲಿ ನೀರು ತುಂಬಿತ್ತು. ಇವಳ ಬಾಳು ಹಸನಾಗಲಿ ಎಂದು ಹೊರಟವನು ನಾನೇ ಹಾಳು ಮಾಡಿದೆನಲ್ಲ! ಗೋಡೆಯ ಗಡಿಯಾರ ಐದು ನಲವತ್ತು ತೋರಿಸುತ್ತಿತ್ತು. ನನಗೆ ಒಂದೇ ಒಂದು ತಿದ್ದುಪಡಿಯೂ ಹೊಳೆಯಲಿಲ್ಲ.

ರೂಪಾಲಿ ಕಣ್ಣೊರೆಸಿಕೊಂಡು ಬಾಗಿಲಿಗೆ ಅಡ್ಡ ನಿಂತಳು. "ಕಾಕಾ, ಅರ್ಧಾ ಕುಸ್ತಿ ಬಿಟ್ಟ ಹೊಂಟೀರೇನು?"

ಬಾಹುಬಲಿ ನಿಂತರು.

"ರಾಕ್ಷಸ ಇನ್ನೂ ನಿಂತಾನ. ದಾಳ ನಿಮ್ಮ ಕೈಯಾಗ ಐತಿ. ತಾಟ ಇಲ್ಲ, ಹೆಚ್ಚಿನ ಹತ್ತ ಇಲ್ಲ, ನಾನೂ ಮಂತ್ರ ಹಾಕೂದಿಲ್ಲ. ಆಡಿಗೆ ಕೋಡ ಇರ್ತಾವ. ಹಾಯ್ರಿ."

"ಎಷ್ಟ ಬೀಳಬೇಕು?"

"ಹದಿನೈದು."

"ಬೀಳಲಿಲ್ಲಾಂದ್ರ?"

"ಸೋಲ್ತೀರಿ."

ಬಾಹುಬಲಿ ಕುರ್ಚಿ ಬಿಟ್ಟು ನೆಲದ ಮೇಲೆಯೇ ಕೂತರು. ಎರಡೂ ಕೈಯಲ್ಲಿ ದಾಳ ಕುಲುಕಿ ಒಗೆದರು. ಅದು ಉರುಳಿತು, ಉರುಳಿತು, ನಿಂತಿತು.

ನಾಲ್ಕು.

"ಸ್ವಲ್ಪ ಸೊಟ್ಟ ಬಿದ್ದೈತಿ, ಇನ್ನೊಮ್ಮೆ..." ಎಂದೆ, ಅಭ್ಯಾಸಬಲ.

"ಪಪ್ಪಾ!"

"ರೀ!"

ರೂಪಾಲಿ ನೆಟ್ಟಗೆ ಅವರ ಮುಖ ನೋಡಿದಳು. "ಸೋತ್ರಿ ಕಾಕಾ. ಬೆನ್ನ ಮಣ್ಣಿಗೆ ಹತ್ತಿತು, ಆಟದಿಂದ ಹೊರಗ. ಹೊರಗ ಬಂದವರ ಮ್ಯಾಲ ಮಂತ್ರ ನಿಲ್ಲೂದಿಲ್ಲ. ನೀವು ಈಗ ಮನಶ್ಯಾ."

ಬಾಹುಬಲಿ ದಾಳವನ್ನು ನೋಡಿದರು, ರೂಪಾಲಿಯನ್ನು ನೋಡಿದರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ. ಮನೆ ನಡುಗುವಂತೆ ನಕ್ಕುಬಿಟ್ಟರು! "ಸೋತ್ನಿ ಲೇ ಕುಣಾಲ! ಹದಿನೈದ ವರ್ಷದ ಮ್ಯಾಲ ಖರೇನ ಸೋತ್ನಿ! ಅಕ್ಕಾರ, ಹೊತ್ತ ಎಷ್ಟ ಉಳದೈತಿ?"

"ಹದಿನಾಲ್ಕ ನಿಮಿಷ ಐತ್ರಿ."

"ಆರ ಹೋಳಗಿಗೆ ಸಾಕು."

ನನ್ನೊಳಗಿನ ಮಹಾಪುರುಷ ಆಗ ಜಾಗೃತನಾದ. ಪ್ರಾಯಶ್ಚಿತ್ತವೆಂದು ಕುಸುಮಳನ್ನೂ ರೂಪಾಲಿಯನ್ನೂ ಪಂಕ್ತಿಯಲ್ಲಿ ಕೂರಿಸಿ, ನಾನೇ ಸೊಂಟಕ್ಕೆ ಟವೆಲ್ ಸುತ್ತಿ ಬಡಿಸಲು ನಿಂತೆ. ಹೋಳಿಗೆಗೆ ಓಡಿದೆ, ಹಾಲಿಗೆ ಓಡಿದೆ.

"ಬೀಗರ, ತುಪ್ಪ," ಎಂದರು ಬಾಹುಬಲಿ.

ಬೀಗರ! ಸಾಹೇಬರ ಅಲ್ಲ, ಬೀಗರ! ಅರ್ಧ ಗಿಂಡಿ ತುಪ್ಪ ಅವರ ತಾಟಿಗೆ ಸುರಿದೆ.

"ಈ ಹುಡುಗಿ ನನ್ನ ಮಾರಿ ನೋಡಿ ಅಂಕಿ ಹೇಳ್ಲಿಲ್ಲ, ದಾಳ ನೋಡಿ ಹೇಳಿದ್ಲು," ಎಂದರು ಅವರು ಕುಸುಮಳಿಗೆ. "ನಮ್ಮ ಮನಿಗೆ ಇಂಥಾಕಿನ ಬೇಕು. ಮದುವಿ ಮಾತು ಎಲ್ಲಾ ನಿಮ್ಮ ಜೋಡಿ ಆಡ್ತೀನ್ರಿ ಅಕ್ಕಾರ. ಬೀಗರು ನೋಟಬುಕ್ ಹಿಡಕೊಂಡ ನಡುವ ಬರೂದು ಬ್ಯಾಡ."

ಐದು ಐವತ್ತಾರಕ್ಕೆ ಕೈ ತೊಳೆದರು. ಅವರನ್ನು ಗಾಡಿಯವರೆಗೆ ಕಳಿಸಿ, ಹಗುರಾದ ಮನಸ್ಸು, ಅದಕ್ಕಿಂತ ಹಗುರಾದ ಹೊಟ್ಟೆ ಹೊತ್ತು ಒಳಗೆ ಬಂದೆ. ಮಧ್ಯಾಹ್ನ ಬೀಗರಿಗಾಗಿ ಕಾದು ನಾನೂ ಉಂಡಿರಲಿಲ್ಲ. ಚಕ್ಕಳಮಕ್ಕಳ ಹಾಕಿ ಕೂತು, ಮೂರು ಹೋಳಿಗೆ ಬಡಿಸಿಕೊಂಡು, ತುಪ್ಪ ಸುರಿದು, ಮೊದಲ ತುತ್ತು ಮುರಿದೆ.

ಕುಸುಮ ತಾಟು ಎಳೆದುಕೊಂಡಳು. "ಆರ ಗಂಟೆ ಮೂರ ನಿಮಿಷ. ಹೊತ್ತ ಮುಳುಗೇತಿ."

"ಐದ ನಿಮಿಷ ಅಷ್ಟ ಅಲ್ಲೇನ!" ಎಂದು ಗೋಗರೆದೆ. "ಪಡುವಲಕ್ಕ ಇನ್ನೂ ಕೆಂಪ ಐತಿ ನೋಡು. ಅದರಾಗ ನಾ ಬಡಸೂ ಕೆಲಸದಾಗ ಇದ್ನಿ. ಬಡಸೂವವರಿಗೆ ಒಂದೀಟ ಸವಲತ್ತು..."

ಅವಳು ಹೋಳಿಗೆಯ ಮೇಲೆ ಮುಚ್ಚಳ ಹಾಕಿದಳು. ಒಳಗೆ ಹೋಗಿ ನನ್ನ ನೂರು ಹಾಳೆಯ ನೋಟಬುಕ್ಕನ್ನೂ ಪೆನ್ನನ್ನೂ ತಂದು ತಾಟು ಇದ್ದ ಜಾಗದಲ್ಲಿ ಇಟ್ಟಳು.

"ಸೂರ್ಯಾಗೂ ಒಂದ ತಿದ್ದುಪಡಿ ಬರೀರಿ. ಅಂವ ತಿರುಗಿ ಮ್ಯಾಲ ಬಂದ್ರ ಉಣ್ಣಾಕ ಕರೀತೀನಿ."