ಸಭ್ಯ ಮುಖದ ರಾಕ್ಷಸನ ಕೊಂಬು

ಮೈದಾಹಿಟ್ಟಿನ ಅಂಟು ಕುದಿಯುವ ವಾಸನೆ ನೆನೆದರೆ ಚಿತ್ರಗಾರನಿಗೆ ಅಜ್ಜಿ ನೆನಪಾಗುತ್ತಿದ್ದಳು. ಶಾಲೆ ಶುರುವಾಗುವ ಮುನ್ನಾದಿನ ಅವಳು ಆ ಅಂಟಿನಿಂದ ಅವನ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಳು. ಕೈಗೆ ಮೆತ್ತಿದ್ದು ನೀರು ತಾಗಿದೊಡನೆ ಬಿಟ್ಟುಹೋಗುತ್ತಿತ್ತು. ಅಂಟೆಂದರೆ ಇಷ್ಟೇ ಎಂಬ ನಂಬಿಕೆ ಅವನಲ್ಲಿ ಹಾಗೇ ಉಳಿದುಬಿಟ್ಟಿತ್ತು.

ಹನ್ನೆರಡು ವರ್ಷದಿಂದ ಅವನು ಮುದ್ರಣಾಲಯದಲ್ಲಿ ಕೂತು ಪಠ್ಯಪುಸ್ತಕಗಳಿಗೆ ಕಪ್ಪೆಯ ಜಠರ ಬರೆಯುತ್ತಿದ್ದ. ಎದುರಿಗಿಟ್ಟಿದ್ದನ್ನು ಕೂದಲೆಳೆಯಷ್ಟೂ ತಪ್ಪದೆ ಬರೆಯುವ ಕೈ. ಈಗ ಮೊದಲ ಸಲ ಮಕ್ಕಳ ಕತೆಪುಸ್ತಕವೊಂದು ಸಿಕ್ಕಿತ್ತು. ಹೊದಿಕೆಯ ಮೇಲೆ ಅವನ ಹೆಸರೂ ಬರುವುದಿತ್ತು. ಕತೆ ಕೊಟ್ಟರೆ ಚಿತ್ರಗಾರರು ಓದುತ್ತ ಕೂತುಬಿಡುತ್ತಾರೆಂದು ಸಂಪಾದಕಿ ಚೀಟಿ ಮಾತ್ರ ಕೊಡುತ್ತಿದ್ದರು. ಈ ಚೀಟಿಯಲ್ಲಿ ಹೀಗಿತ್ತು: "ರಾಕ್ಷಸ ಒಬ್ಬ. ಕೊಂಬು ಎರಡು. ಮುಖ ಸಭ್ಯ." ಸಂಜೆ ಐದಕ್ಕೆ ಲೇಖಕರು ಬರುತ್ತಾರೆ. ಅವರು ಒಪ್ಪದಿದ್ದರೆ ಪುಸ್ತಕ ಬೇರೊಬ್ಬ ಚಿತ್ರಗಾರನ ಪಾಲು.

ಮುಖ ಹತ್ತು ನಿಮಿಷದಲ್ಲಿ ಸಭ್ಯವಾಯಿತು. ಕೊಂಬು ಮಾತ್ರ ಕಲ್ಪನೆಯಿಂದ ಇಳಿಯಲೊಲ್ಲದು. ಮೊದಲ ಜೊತೆ ಮೂಲಂಗಿಯಂತಿತ್ತು. ಎರಡನೆಯದು ಸೈಕಲ್ಲಿನ ಹ್ಯಾಂಡಲ್ಲಿನಂತೆ.

"ಕಿವಿ ಮೇಲಿಂದ ಬರಬೇಕಪ್ಪ," ಎಂದ ಬೈಂಡರ್, ಇಣುಕಿ ನೋಡಿ. "ನಮ್ಮನೇಲಿ ಮೂರು ಆಡು ಸಾಕಿದ್ವಿ."

"ಆಡಿನ ಮುಖ ಸಭ್ಯವಾಗಿತ್ತಾ?" ಎಂದರು ಪಕ್ಕದ ಮೇಜಿನಿಂದ ಕರಡು ತಿದ್ದುವ ಅಕ್ಕ. ಆಮೇಲೆ ಚಿತ್ರ ನೋಡಿ, "ಎಡಗಡೆ ಕೊಂಬು ಇವನದಲ್ಲ ಕಣೋ. ಯಾರದ್ದೋ ಇಸ್ಕೊಂಡು ಬಂದಿದಾನೆ," ಎಂದರು.

ಊಟದ ಹೊತ್ತು ಮೀರಿತು. ಚಿತ್ರಗಾರ ಏಳಲಿಲ್ಲ. ಕೊನೆಗೆ ಎದ್ದದ್ದು ಬೈಂಡರನ ಕೋಣೆಗೆ ಹೋಗಲು. ಅಲ್ಲಿ ರಟ್ಟಿನ ಎರಡು ಕೊಂಬು ಸುತ್ತಿ, ಡಬ್ಬದಲ್ಲಿದ್ದ ಅಂಟನ್ನು ಧಾರಾಳವಾಗಿ ಬಳಿದು, ತನ್ನ ನುಣ್ಣನೆಯ ಬೋಳುತಲೆಗೆ ಒತ್ತಿಕೊಂಡು, ಕನ್ನಡಿ ಹಿಡಿದು ಬಂದು ಕೂತ. ಎದುರಿಗೆ ವಸ್ತು ಸಿಕ್ಕಿದ್ದೇ ತಡ, ಕೈ ಓಡಿತು. ಮೂರೂವರೆಗೆ ಅಕ್ಕ ಕನ್ನಡಕ ಒರೆಸಿ ನೋಡುವಷ್ಟು ಚೆಂದದ ಕೊಂಬು ಕಾಗದದ ಮೇಲಿತ್ತು.

ತಲೆಯ ಮೇಲಿನದೂ ಅಲ್ಲೇ ಇತ್ತು. ನೀರಿಗೆ ಜಗ್ಗಲಿಲ್ಲ. ಸೋಪು ಹಚ್ಚಿದ್ದಕ್ಕೆ ಹೊಳಪಷ್ಟೇ ಬಂತು.

"ಮೈದಾ ಅಲ್ವಾ ಇದು?"

"ಈ ಕಾಲದಲ್ಲಿ ಮೈದಾ ಯಾರು ಕಾಯಿಸ್ತಾರೆ? ಇದು ನಿಘಂಟಿನ ಬೆನ್ನಿಗೆ ಹಾಕೋದು. ಹಾಳೆ ಹರಿದ್ರೂ ಬೆನ್ನು ಬಿಡಲ್ಲ," ಎಂದ ಬೈಂಡರ್, ಹೆಮ್ಮೆಯಿಂದ.

"ಎಷ್ಟು ದಿನ?"

"ಹತ್ತು ವರ್ಷ ಗ್ಯಾರಂಟಿ."

ಬೈಂಡರ್ ಗೋಡೆಗೆ ಕಾಲು ಕೊಟ್ಟು ಎಳೆದ. ಚಿತ್ರಗಾರನ ಹುಬ್ಬು ಎರಡಂಗುಲ ಮೇಲೆ ಹೋಯಿತು.

"ಬಿಡಪ್ಪ, ಸಭ್ಯತೆ ಹೋಗ್ತಿದೆ," ಎಂದರು ಅಕ್ಕ, ಅವನ ಮುಂದಿದ್ದ ಕನ್ನಡಿಯನ್ನು ಮೆಲ್ಲನೆ ಬೋರಲು ಹಾಕುತ್ತ.

ಐದಕ್ಕೆ ಸಂಪಾದಕಿ ಲೇಖಕರೊಂದಿಗೆ ಬಂದರು. ಚಿತ್ರಗಾರನ ತಲೆ ನೋಡಿ, ಕೇಳುವುದು ಬೇಡವೆಂದು ತೀರ್ಮಾನಿಸಿ, ಚಿತ್ರವನ್ನು ಲೇಖಕರ ಕೈಗಿತ್ತರು.

"ಕೊಂಬು ಅದ್ಭುತವಾಗಿದೆ," ಎಂದರು ಲೇಖಕರು. "ಆದ್ರೆ ಕಾಣಬಾರದು."

"ಎರಡು ಅಂತ ಬರೆದಿತ್ತಲ್ಲ ಸಾರ್?" ಎಂದ ಚಿತ್ರಗಾರ.

"ಇದಾವೆ. ಯಾರಿಗೂ ಗೊತ್ತಾಗದ ಹಾಗೆ ಮುಚ್ಕೊಂಡು ಬದುಕ್ತಾನೆ. ಅದೇ ಕತೆ." ಅವರು ತಮ್ಮ ಉಣ್ಣೆಯ ಟೋಪಿ ತೆಗೆದು ಚಿತ್ರಗಾರನ ಕೊಂಬುಗಳ ಮೇಲೆ ಎಳೆದು ಕೂರಿಸಿ, ಎರಡು ಹೆಜ್ಜೆ ಹಿಂದೆ ಸರಿದರು. "ನೋಡಿ. ಇವನೇ."

ಎಲ್ಲರೂ ನೋಡಿದರು. ಅವನೇ ಆಗಿದ್ದ.

ಚಿತ್ರಗಾರ ಪೆನ್ಸಿಲ್ಲಿಗೆ ಕೈಹಾಕಿದ. "ಕನ್ನಡಿ ಇದೆ ಸಾರ್. ಅರ್ಧ ಗಂಟೇಲಿ ಬರೆದುಕೊಡ್ತೀನಿ."

"ನೀವು ಶ್ರಮ ತಗೋಬೇಡಿ," ಎಂದರು ಸಂಪಾದಕಿ. "ಉಣ್ಣೆ, ಬಟ್ಟೆ ಅಂದ್ರೆ ಆ ಇನ್ನೊಬ್ಬ ಚಿತ್ರಗಾರರದು ಪಳಗಿದ ಕೈ. ನಾಳೆ ಹತ್ತಕ್ಕೆ ಕರೆಸ್ತೀನಿ. ನೀವು ಅವರ ಮುಂದೆ ಅಲುಗಾಡದೆ ಕೂತ್ಕೊಂಡ್ರೆ ಸಾಕು. ಅಲ್ಲೀವರೆಗೂ ಕೊಂಬು ಕೀಳಬೇಡಿ."

ಇಬ್ಬರೂ ಹೊರಟರು. ಬೈಂಡರ್ ಅಂಟಿನ ಡಬ್ಬದ ಮುಚ್ಚಳ ಬಿಗಿದ. ಚಿತ್ರಗಾರ ಟೋಪಿಯೊಳಗೆ ಕೂತಿದ್ದ. ಕರಡು ತಿದ್ದುವ ಅಕ್ಕ ಚೀಲದಿಂದ ತಮ್ಮ ಊಟದ ಡಬ್ಬಿ ತೆಗೆದರು. ಅರ್ಧ ಹಾಗೇ ಉಳಿಸಿದ್ದರು. ಚಮಚವನ್ನು ಸೆರಗಿನಿಂದ ಒರೆಸಿ, ಮುಚ್ಚಳ ತೆರೆದು, ಎರಡನ್ನೂ ಅವನ ಕೈಗಿಟ್ಟರು.