ಒಂದು ಜೊತೆ ಪಾದರಕ್ಷೆ ಹಾಗೂ ವಿಶ್ವದ ಉದ್ದೇಶದ ಕುರಿತು

ಇಂದ,
ಮಾಳಸಿದ್ದ ಬೀರಪ್ಪ ಒಡೆಯರ, ವಯಸ್ಸು ೫೨,
ಉದ್ಯೋಗ: ಎರಡು ಎಕರೆ ಕಬ್ಬು, ಹನ್ನೊಂದು ಆಡು,
ಕಾಗವಾಡ ತಾಲೂಕಿನ ಗಡಿಯಂಚಿನ ಒಂದು ಗ್ರಾಮ (ಊರಿನ ಮರ್ಯಾದೆಗಾಗಿ ಹೆಸರು ಬರೆದಿಲ್ಲ).

ಗೆ,
ಈ ವಿಶ್ವವನ್ನು ನಡೆಸುತ್ತಿರುವ ಮಾನ್ಯ ಅಧಿಕಾರಿಗಳು
(ಹುದ್ದೆ ಖಾಲಿ ಇದ್ದಲ್ಲಿ, ಪ್ರಭಾರದಲ್ಲಿರುವವರು).

ವಿಷಯ: ಸರಿ-ತಪ್ಪು ಎಂಬುದು ಎಲ್ಲ ಊರಿಗೂ ಒಂದೇ ಎಂದು ಸಾಬೀತು ಮಾಡಲು ಹೋಗಿ ಅರ್ಜಿದಾರನೇ ತಪ್ಪಿತಸ್ಥನಾದ ಬಗ್ಗೆ.

ಉಲ್ಲೇಖ: ೧) ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ನಡೆದ ಮೌಖಿಕ ಚರ್ಚೆ.
೨) ಸದರಿ ಚರ್ಚೆಯಲ್ಲಿ ಎಲ್ಲರೂ ನನ್ನನ್ನು ನೋಡಿ ನಕ್ಕಿದ್ದು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ:

೧. ನಮ್ಮೂರಿನ ಜ್ಞಾನದೇವ ಸರ್ ಅವರು ಮೂವತ್ತು ವರ್ಷ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿ ನಿವೃತ್ತರಾಗಿ, ಈಗ ದ್ರಾಕ್ಷಿ ತೋಟ ನೋಡಿಕೊಂಡಿದ್ದಾರೆ. ತರಗತಿ ಇಲ್ಲದ ಕಾರಣ ಚಹಾದಂಗಡಿಯಲ್ಲಿ ಕಲಿಸುತ್ತಾರೆ. ಕಳೆದ ಶ್ರಾವಣದಲ್ಲಿ ಒಂದು ದಿನ ಅವರು, "ಸರಿ, ತಪ್ಪು ಅನ್ನೂದೆಲ್ಲಾ ಮಂದಿ ಮಾಡಿಕೊಂಡಿದ್ದು. ಮಿರಜದಾಗ ಒಂದು ನಮೂನಿ, ಅಥಣ್ಯಾಗ ಒಂದು ನಮೂನಿ. ಎಲ್ಲಾರಿಗೂ ಒಂದ ಅನ್ನೂವಂಥ ನೀತಿ ಎಲ್ಲೂ ಇಲ್ಲ. ಈ ವಿಶ್ವಕ್ಕ ಉದ್ದೇಶಾನೂ ಇಲ್ಲ" ಎಂದರು.

"ಹಂಗಂದ್ರ ಹೆಂಗ್ರಿ ಸರ್? ಕಳವು ಮಾಡೂದು ಮಿರಜದಾಗೂ ತಪ್ಪ, ಅಥಣ್ಯಾಗೂ ತಪ್ಪ ಅಲ್ಲೇನ್ರಿ?" ಎಂದೆ.

"ಪುರಾವೆ ತಾ ಮಾಳಪ್ಪಾ. ಇದು ಆಡ ಎಣಿಸಿದಂಗ ಅಲ್ಲ" ಎಂದರು. ಕುಳಿತವರೆಲ್ಲ ನಕ್ಕರು. ಅಂಗಡಿಯ ಬಾಳೇಶನೂ ಚಹಾ ಸೋಸುವುದನ್ನು ನಿಲ್ಲಿಸಿ ನಕ್ಕ. ನಾನು ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

೨. ಆದ್ದರಿಂದ ಪುರಾವೆ ತರಲು ನಿರ್ಧರಿಸಿದೆ. ಸರ್ ಪ್ರತಿ ಸೋಮವಾರ ಗುಡಿಗೆ ಬರುತ್ತಾರೆ. ಅವರು ದೇವರನ್ನು ನಂಬುವುದಿಲ್ಲ, ಪ್ರಸಾದದ ಹುಗ್ಗಿಯನ್ನು ನಂಬುತ್ತಾರೆ. ಅಥಣಿಯಲ್ಲಿ ಅಳತೆ ಕೊಟ್ಟು ಹೊಲಿಸಿದ ಅವರ ಚರ್ಮದ ಚಪ್ಪಲಿ ನಡೆದರೆ ಕರಕರ ಎನ್ನುತ್ತದೆ. ಅದರ ಮೇಲೆ ಅವರಿಗೆ ಬಹಳ ಜೀವ. ಗುಡಿಯ ಹೊರಗೆ ಚಪ್ಪಲಿ ಕಾಯುವವರು ರಾಮವ್ವ, ವಯಸ್ಸು ಅರವತ್ತರ ಮೇಲೆ. ನಾನು ಹೋಗಿ, "ಮಾವಶಿ, ಒಂದು ತಂಬಿಗಿ ನೀರ ಕೊಡ್ತೀ ಏನ?" ಎಂದೆ. ಆಕೆ ನಳದ ಕಡೆ ಎದ್ದು ಹೋದಾಗ ಸರ್ ಅವರ ಚಪ್ಪಲಿಯನ್ನು ಗೊಬ್ಬರದ ಚೀಲಕ್ಕೆ ಹಾಕಿಕೊಂಡೆ. ಆಕೆ ತಂದ ನೀರನ್ನು ಪೂರ್ತಿ ಕುಡಿದೆ ಎಂಬುದನ್ನೂ ತಮ್ಮಿಂದ ಮುಚ್ಚಿಡುವುದಿಲ್ಲ.

೩. ಸರ್ ಹೊರಗೆ ಬಂದು ಹುಡುಕಿ, ಕೆಂಪಾಗಿ, "ಅನ್ಯಾಯ! ಇದು ಯಾ ಊರಾಗೂ ನಡ್ಯಾಂಗಿಲ್ಲ!" ಎಂದು ಕೂಗಿದರು. "ಯಾ ಊರಾಗೂ" ಎಂಬ ಮಾತನ್ನು ತಾವು ದಯವಿಟ್ಟು ಗಮನಿಸಬೇಕು. ನನ್ನ ಪುರಾವೆ ಅಲ್ಲಿಗೆ ಪೂರ್ಣವಾಗಿತ್ತು. ಚೀಲ ಬಿಚ್ಚಬೇಕು ಎನ್ನುವಷ್ಟರಲ್ಲಿ ಅವರು ರಾಮವ್ವನತ್ತ ತಿರುಗಿ, "ನೀನ ಯಾರಿಗರೆ ಕೊಟ್ಟಿರಬೇಕು" ಎಂದರು.

"ಹದಿನೆಂಟ ವರ್ಷದಾಗ ಒಂದೂ ಜೋಡ ಹೋಗಿಲ್ರಿ ಸರ್" ಎಂದಳು ರಾಮವ್ವ. ಯಾರೂ ಮಾತಾಡಲಿಲ್ಲ. ಸದರಿ "ಯಾರೂ" ಎಂಬುದರಲ್ಲಿ ಅರ್ಜಿದಾರನೂ ಸೇರಿದ್ದಾನೆ. ಚೀಲ ನನ್ನ ಕೈಯಲ್ಲೇ ಇತ್ತು. ಅಷ್ಟು ಮಂದಿಯ ಎದುರು ಬಿಚ್ಚಿದ್ದರೆ ಪುರಾವೆಯನ್ನು ಯಾರೂ ನೋಡುತ್ತಿರಲಿಲ್ಲ, ಕಳ್ಳನನ್ನು ನೋಡುತ್ತಿದ್ದರು.

೪. ಮರುದಿನದಿಂದ ರಾಮವ್ವ ಬರಲಿಲ್ಲ. ಭಕ್ತರು ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಕೈಮುಗಿಯಲು ಪ್ರಯತ್ನಿಸುತ್ತಿದ್ದರು. ನನ್ನ ಕೊಟ್ಟಿಗೆಯಲ್ಲಿ ಬಚ್ಚಿಟ್ಟ ಸಾಕ್ಷ್ಯದ ಎಡಗಾಲಿನ ಪಟ್ಟಿಯನ್ನು ಒಂದು ಆಡು ಜಗಿಯಿತು. ನಾಲ್ಕನೆಯ ದಿನ ತಡೆಯಲಾಗದೆ ಆಕೆಯ ಮನೆಗೆ ಹೋದೆ. ಎಮ್ಮೆಗೆ ಮೇವು ಕತ್ತರಿಸುತ್ತಿದ್ದಳು.

"ಕದ್ದಾಂವ ಹೊಟ್ಟಿಗಿಲ್ಲದ ಕದ್ದಿರಬೇಕು, ಹೋಗ್ಲಿ. ಸರ್‌ಗೆ ಸಿಟ್ಟ ಬಂದಿತ್ತು, ಅದೂ ಹೋಗ್ಲಿ. ಅಷ್ಟ ಮಂದಿ ನಿಂತಿದ್ರಿ. ಈಕಿ ಅಂಥಾಕಿ ಅಲ್ಲ ಅಂತ ಒಬ್ಬರರೆ ಅಂದಿರೇನು?" ಎಂದಳು. ಮತ್ತೊಂದು ಹಿಡಿ ಮೇವು ಕತ್ತರಿಸಿ, "ಬಿಸಲಾಗ ಬಂದೀಯಲ್ಲ ತಮ್ಮಾ, ನೀರ ಕುಡೀತಿ?" ಎಂದಳು.

ನಾನು ಅಲ್ಲಿಂದ ಎದ್ದು ಬಂದೆ.

೫. ನೇರವಾಗಿ ಚೀಲ ತೆಗೆದುಕೊಂಡು ಜ್ಞಾನದೇವ ಸರ್ ಅವರ ತೋಟಕ್ಕೆ ಹೋದೆ. "ಸರ್, ನಾನ ಕದ್ದೀನ್ರಿ. ಪುರಾವೆ ಕೇಳಿದ್ರೆಲ್ಲಾ, ತಂದೀನಿ" ಎಂದೆ. ಸರ್ ಜಗಿದ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕಳ್ಳಾ! ನಾಚಿಗಿ ಬರೂದಿಲ್ಲೇನ್ಲೇ ನಿನಗ?"

"ಅಂದ್ರ ಕಳವು ತಪ್ಪು ಅಂತ ಒಪ್ಪಿದ್ರಿ?"

"ಒಪ್ಪಿದ್ನಿಲೇ! ಎಲ್ಲಾ ಊರಾಗೂ ತಪ್ಪು! ಚಂದ್ರನ ಮ್ಯಾಲೂ ತಪ್ಪು!"

ಹೀಗೆ ನಾನು ಚರ್ಚೆಯಲ್ಲಿ ಗೆದ್ದೆ. ಗೆದ್ದ ನಂತರ ಇಬ್ಬರೂ ಬಾವಿಕಟ್ಟೆಯ ಮೇಲೆ ಕುಳಿತೆವು. ರಾಮವ್ವ ಕೇಳಿದ್ದನ್ನು ಸರ್ ಅವರಿಗೆ ಹೇಳಿದೆ. ಸರ್, "ನಾ ಆಕಿಗೆ ಏನಂದ್ನಿ ನೋಡು" ಎಂದು, ನನಗಿಂತ ಮೊದಲು ಎದ್ದರು.

೬. ನಾವಿಬ್ಬರೂ ಮನೆಗೆ ಹೋಗಿ ಹೇಳಿದ್ದನ್ನು ರಾಮವ್ವ ಕುಡುಗೋಲು ನಿಲ್ಲಿಸದೆ ಕೇಳಿದಳು. "ಇಷ್ಟ ವರ್ಷ ಗುಡಿ ಮುಂದ ಕುಂತೀನಿ. ಸೋಮವಾರದ ಮಂಗಳಾರತಿ ಒಮ್ಮೆನೂ ನೋಡಿಲ್ಲ. ಈ ಸಲ ನೀವಿಬ್ರೂ ಹೊರಗ ಕುಂದರ್ರಿ, ನಾ ಒಳಗ ಹೋಗ್ತೀನಿ. ಯಾಕ ಕುಂತೀರಿ ಅಂತ ಕೇಳಿದಾವ್ರಿಗೆಲ್ಲಾ ಖರೇ ಹೇಳಬೇಕು" ಎಂದಳು. ಅಷ್ಟೇ ಅವಳ ಆದೇಶ.

೭. ಅದರಂತೆ ಕುಳಿತೆವು. ಎಲ್ಲರೂ ಕೇಳಿದರು. ಕೆಲವರು ಮೊಬೈಲಿನಲ್ಲಿ ಫೋಟೊ ಸಹ ತೆಗೆದರು. ಮೊದಮೊದಲು ಸರ್ ಉಪನ್ಯಾಸದಂತೆ ವಿವರಿಸುತ್ತಿದ್ದರು, ನಲವತ್ತನೆಯವರ ಹೊತ್ತಿಗೆ, "ಇಂವ ಕಳ್ಳ, ನಾ ಮೂರ್ಖ. ಚಪ್ಪಲಿ ಬಿಡ್ರಿ" ಎಂಬಲ್ಲಿಗೆ ಇಳಿಸಿದರು. ಮಂದಿ ಕಡಿಮೆಯಾದಾಗ ನಾನು, "ಸರ್, ವಿಶ್ವಕ್ಕ ಉದ್ದೇಶ ಐತೋ ಇಲ್ಲೋ?" ಎಂದು ಕೇಳಿದೆ. ಅಷ್ಟರಲ್ಲಿ ಆರತಿಯ ಗಂಟೆ ಮೊಳಗಿತು. ಬಾಗಿಲಿನಿಂದ ರಾಮವ್ವ ಕಾಣುತ್ತಿದ್ದಳು. ಎಲ್ಲರಿಗಿಂತ ಮುಂದೆ ನಿಂತಿದ್ದಳು. ಕೈಮುಗಿಯುವುದನ್ನೂ ಮರೆತು ಆರತಿಯನ್ನೇ ನೋಡುತ್ತಿದ್ದಳು.

"ಸುಮ್ಕಿರು, ಆಮ್ಯಾಲ ಹೇಳ್ತೀನಿ" ಎಂದರು ಸರ್. ಇಲ್ಲಿಯವರೆಗೆ ಹೇಳಿಲ್ಲ. ಆ ಕಾರಣ ತಮಗೆ ಬರೆಯಬೇಕಾಯಿತು.

೮. ರಾಮವ್ವ ಈಗ ಕೆಲಸಕ್ಕೆ ಮರಳಿದ್ದಾಳೆ. ಸರ್ ಜೊತೆ ಮಾತಾಡುತ್ತಾಳೆ. ನನ್ನ ಜೊತೆ ಮಾತಾಡುವುದಿಲ್ಲ. ಇದು ದೂರು ಅಲ್ಲ, ಮಾಹಿತಿಗಾಗಿ.

ಆದ್ದರಿಂದ, ಕಳವು ಎಲ್ಲ ಊರಲ್ಲೂ ತಪ್ಪು ಎಂಬುದು ಅರ್ಜಿದಾರನ ಸ್ವಂತ ಖರ್ಚಿನಲ್ಲಿ ಸಾಬೀತಾಗಿರುವ ಕಾರಣ, ಅದನ್ನು ದಾಖಲಿಸಿಕೊಳ್ಳಬೇಕು. ವಿಶ್ವದ ಉದ್ದೇಶದ ಬಗ್ಗೆ ತಮಗೆ ಅನುಕೂಲವಾದಾಗ ತಿಳಿಸಬಹುದು. ಅವಸರವಿಲ್ಲ, ಕಬ್ಬು ಕಟಾವಿನ ದಿನಗಳಲ್ಲಿ ನಾನೂ ಸಿಗುವುದಿಲ್ಲ.

ತಮ್ಮ ವಿಶ್ವಾಸಿ (ತಾವು ಇದ್ದರೂ, ಇಲ್ಲದಿದ್ದರೂ),
ಮಾಳಸಿದ್ದ ಬೀರಪ್ಪ ಒಡೆಯರ

ಅಡಕಗಳು:
೧) ಆಡು ಜಗಿದ ಚರ್ಮದ ಪಟ್ಟಿ, ಒಂದು ತುಂಡು.
೨) ಚರ್ಚೆಯಲ್ಲಿ ಸೋತಿದ್ದೇನೆ ಎಂಬ ಜ್ಞಾನದೇವ ಸರ್ ಅವರ ಹೇಳಿಕೆ (ಸಹಿ ಇಲ್ಲ, ಇನ್ನೂ ವಿಚಾರ ಮಾಡುತ್ತಿದ್ದಾರೆ).

ವಿಶೇಷ ಸೂಚನೆ: ಕದಿಯಬಾರದು ಎಂಬುದು ಎಲ್ಲರಿಗೂ ಅನ್ವಯಿಸುವಂತೆ, ತಪ್ಪು ಒಪ್ಪಿಕೊಂಡವನನ್ನು ಕ್ಷಮಿಸಬೇಕು ಎಂಬುದೂ ಎಲ್ಲರಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಸ್ಪಷ್ಟಪಡಿಸಬೇಕು. ಅನ್ವಯಿಸುವುದಾದರೆ ಆದೇಶದ ಒಂದು ಪ್ರತಿಯನ್ನು ರಾಮವ್ವನಿಗೂ ಕಳಿಸಬೇಕು. ಆಕೆಗೆ ಓದಲು ಬರುವುದಿಲ್ಲ. ಖುದ್ದಾಗಿ ಹೋಗಿ ಓದಿ ಹೇಳಲು ಅರ್ಜಿದಾರನು ಸಿದ್ಧನಿದ್ದಾನೆ.