ಒಂದು ಕಪ್ ಬೇರಿಕಾಯಿಗೆ ಎಷ್ಟು ತೂಕ?

ಅಡುಗೆಮನೆಗೆ ಲೆಕ್ಕ ಹಿಡಿದುಕೊಂಡು ಹೋದವರು ನಗೆಪಾಟಲಾಗದೆ ಹೊರಗೆ ಬಂದದ್ದನ್ನು ನಾನಂತೂ ನೋಡಿಲ್ಲ. ಕೋತಗಿರಿ ಹತ್ತಿರ ನಮ್ಮ ಹಟ್ಟಿಯ ಹೆಂಗಸರು ನಡೆಸುವ ಜಾಮ್ ಶೆಡ್ಡಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಹಾಗಾಗಿ ವಾರಕ್ಕೊಂದು ಸಲವಾದರೂ ನನ್ನ ಸರದಿ ಬರುತ್ತದೆ.

ಈ ಸಲ ಊಟಿಯ ಹೋಟೆಲೊಂದು ನಮ್ಮ ಬೇರಿಕಾಯಿ ಜಾಮನ್ನು ಮೆಚ್ಚಿತ್ತು. ಬೇರಿಕಾಯಿ ಅಂದರೆ ನಮ್ಮ ಬೆಟ್ಟದ ಗಟ್ಟಿ ಪೇರ್ ಹಣ್ಣು. "ಪ್ರತಿ ಸಲವೂ ಹೀಗೇ ಇರುತ್ತೆ ಅಂತ ಕಪ್ಪಿನ ಅಳತೆ, ತೂಕ ಎರಡೂ ಬರೆದು ತೋರಿಸಿ. ಸೀಸನ್ ಪೂರ್ತಿ ತಗೊಳ್ತೀವಿ" ಅಂದರು. ಆರ್ಡರ್ ತಪ್ಪಿದರೆ ಅಷ್ಟೂ ಹಣ್ಣು ಕರಡಿಗಳ ಪಾಲು.

ಗಾಳಿ

ನಮ್ಮಲ್ಲಿ ಜಾಮ್ ಕಾಯಿಸುವವರು ದೊಡ್ಡಮ್ಮ. ಅವರ ಅಳತೆಯೆಲ್ಲ ಕೈಯಲ್ಲೇ. ಕೊಚ್ಚಿದ ಪೇರ್ ಹಣ್ಣು ಕಪ್ಪಿಗೆ ನೂರ ಅರವತ್ತು ಗ್ರಾಂ ಅಂತ ಇಂಟರ್ನೆಟ್ ಹೇಳಿತ್ತು. ನಾನು ಕೊಚ್ಚಿ ತುಂಬಿದ ಕಪ್ ನೂರ ಇಪ್ಪತ್ತೇ ತೂಗಿತು. ದೊಡ್ಡಮ್ಮ ಬಂದು, ನನ್ನ ದಪ್ಪ ಹೋಳುಗಳ ಸಂದಿಯಲ್ಲಿ ಕಿರುಬೆರಳು ತೂರಿಸಿ ನೋಡಿದರು. ಬರೆಯುವವಳಾದ್ದರಿಂದ ಅವರ ಬಾಯಲ್ಲಿ ನಾನು ಟೀಚರಮ್ಮ.

"ಟೀಚರಮ್ಮ, ಹಣ್ಣು ತೂಗಿದ್ಯೋ, ಗಾಳಿ ತೂಗಿದ್ಯೋ? ಗಾಳಿಗೆ ಸಕ್ಕರೆ ಹಾಕಿದರೆ ಜಾಮ್ ಆಗಲ್ಲ."

ಮೊಣಕಾಲು

ಹಣ್ಣು ಸಣ್ಣಗೆ ಕೊಚ್ಚಿಸಿ, ಕಪ್ಪನ್ನು ಶೆಡ್ಡಿನ ಇಬ್ಬರು ಅತ್ತೆಯರ ಕೈಗೆ ಕೊಟ್ಟೆ. ಜೀವಮಾನವೆಲ್ಲ ಟೀ ಎಲೆ ಕಿತ್ತು ಮೂಟೆಗೆ ಒತ್ತಿ ತುಂಬಿದವರು ಅವರು. ದೊಡ್ಡತ್ತೆ ಮುಷ್ಟಿಯಿಂದ ಒತ್ತಿದ ರಭಸಕ್ಕೆ ಕಪ್ಪಿನಿಂದ ರಸ ಉಕ್ಕಿತು. ಇನ್ನೂರ ನಲವತ್ತು ಗ್ರಾಂ!

"ಅತ್ತೆ, ಒತ್ತಬಾರದು!"

"ಒತ್ತದೆ ತುಂಬಿದ್ದನ್ನ ತುಂಬಿದ್ದು ಅಂತಾರಾ?"

ಚಿಕ್ಕತ್ತೆ ಬಗ್ಗಿ ನೋಡಿ, "ಇನ್ನೂ ಎರಡು ಹಿಡಿ ಹೋಗುತ್ತೆ. ಮೊಣಕಾಲು ಹಾಕಲಾ?" ಅಂದರು.

ಕಡಿತ

ತೊಳೆದ ಹಣ್ಣನ್ನು ತಕ್ಕಡಿಗಿಟ್ಟೆವು. ಹತ್ತು ಕಿಲೋ ತೋರಿಸಿತು. ಚಿಕ್ಕತ್ತೆ ಒಂಬತ್ತು ಅಂತ ಬರೆದರು.

"ಯಾಕತ್ತೆ?"

"ಒದ್ದೆ ಇದೆಯಲ್ಲ! ಎಲೆ ತೂಗುವವನು ನೀರಿಗೆ ಅಂತ ಕಳೀತಾನಲ್ಲ, ಹಾಗೆ."

"ಇದು ನಮ್ಮದೇ ಹಣ್ಣು, ನಮ್ಮದೇ ತಕ್ಕಡಿ. ಯಾರಿಗೆ ಕಳೀತಿದ್ದೀರಿ?"

ಅತ್ತೆ ಪೆನ್ನು ಹಿಡಿದೇ ಯೋಚಿಸಿದರು. "ಇರಲಿ ಬಿಡು. ಜೀವನದಲ್ಲಿ ಒಂದು ಸಲ ನಾವೂ ಕಳೀಬೇಡ್ವಾ?"

ಹತ್ತು ಗ್ರಾಂ

ಹೋಟೆಲಿನ ಮುಖ್ಯ ಬಾಣಸಿಗರು ಬಂದ ದಿನ ನನ್ನ ಹಾಳೆಯಲ್ಲಿ ಒಂದೇ ಕಪ್ಪಿಗೆ ಮೂರು ತೂಕ ಇದ್ದವು. "ಇದನ್ನ ನಂಬಿ ಹೇಗೆ ಆರ್ಡರ್ ಕೊಡಲಿ?" ಅಂತ ಕೇಳಿದರು.

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದರು. "ಕಾಗದ ಅತ್ತ ಇಡಿ. ಎಷ್ಟು ಬೇಕು ಹೇಳಿ."

"ಒಂದು ಕಿಲೋ."

ಬಾಣಸಿಗರು ತಕ್ಕಡಿಯ ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು. ದೊಡ್ಡಮ್ಮನ ಮುಂದೆ, ಕೈಯಳತೆ ತಪ್ಪಲಿ ಎಂದೇ, ನಾನು ಆ ಬೆಳಿಗ್ಗೆ ಕೊಚ್ಚಿದ ದಪ್ಪ ಹೋಳುಗಳ ತಟ್ಟೆಯನ್ನು ಎಳೆದಿಟ್ಟರು. ದೊಡ್ಡಮ್ಮ ಐದು ಬೊಗಸೆ ಹಾಕಿದರು. ಐದನೆಯದರಲ್ಲಿ ಎರಡು ಹೋಳು ಹಿಂದಕ್ಕೆ ಉದುರಿಸಿದರು.

"ಹತ್ತು ಗ್ರಾಂ ಜಾಸ್ತಿ ಇದೆಯಮ್ಮ," ಅಂದರು ಬಾಣಸಿಗರು.

ದೊಡ್ಡಮ್ಮ ತಕ್ಕಡಿಯ ರಾಶಿಯಿಂದ ಒಂದು ಹೋಳು ಆರಿಸಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. "ಈಗ ನೋಡಿ."

ಸರಿಯಾಗಿ ಒಂದು ಕಿಲೋ.

ಬಾಣಸಿಗರು ಮೇಜು ತಟ್ಟಿ ನಕ್ಕರು. "ಸೀಸನ್ ಪೂರ್ತಿ ನಿಮ್ಮದೇ ಜಾಮ್. ಆದರೆ ಅಮ್ಮ, ಒಂದು ದಿನ ಐವತ್ತು ಗ್ರಾಂ ಜಾಸ್ತಿ ಆದರೆ?"

"ಅದಕ್ಕೇ ಇವಳನ್ನ ಇಟ್ಟುಕೊಂಡಿರೋದು," ಅಂತ ದೊಡ್ಡಮ್ಮ ನನ್ನ ಬಾಯಿಗೂ ಒಂದು ಹೋಳು ತುರುಕಿದರು.